ರಾಜತಾಂತ್ರಿಕತೆ, ಮಾನವಶಾಸ್ತ್ರ ಮತ್ತು ನಮ್ಮ ಒಡೆಯರಪಾಳ್ಯ: ವರ್ತಕರಿಗೊಂದು ಅಧ್ಯಯನ

ತೆರಿಗೆ, ಸುಂಕ, ಲೆಕ್ಕಪರಿಶೋಧನೆಗಳ ವಿಚಾರವಾಗಿ ಈ ಪುಟಗಳಲ್ಲಿ ಬರೆಯುತ್ತ ಬಂದಿರುವ ನಾನು ಈ ತಿಂಗಳು ಮಾನವಶಾಸ್ತ್ರವನ್ನು ಎತ್ತಿಕೊಂಡಿರುವುದು ಕೆಲವು ಸದಸ್ಯ ಮಿತ್ರರಿಗೆ ವಿಚಿತ್ರವಾಗಿ ತೋರಬಹುದು. ಅಂತರರಾಷ್ಟ್ರೀಯ ರಾಜಕಾರಣವೆಂಬುದು ದೆಹಲಿ, ಬೀಜಿಂಗ್, ವಾಷಿಂಗ್ಟನ್‌ಗಳಲ್ಲಿ ನಡೆಯತಕ್ಕ ವ್ಯವಹಾರ, ಕೊಳ್ಳೇಗಾಲದ ಅಂಗಡಿ ಬೀದಿಗೂ ಅದಕ್ಕೂ ಏನು ಸಂಬಂಧ ಎಂಬುದು ಸಹಜವಾದ ಪ್ರಶ್ನೆ. ಆದರೆ ನಮ್ಮ ಸೀಮೆಯಷ್ಟು ಗಡಿಗಳ ಆಟವನ್ನು ಕಂಡ ಪ್ರದೇಶ ಹಳೆಯ ಮೈಸೂರಿನಲ್ಲಿ ಕಡಿಮೆ. 1799ರ ಅನಂತರ ಕೊಳ್ಳೇಗಾಲ ಬ್ರಿಟಿಷರ ವಶಕ್ಕೆ ಹೋಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿಯೇ ಉಳಿದು ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. 1956ರ ನವೆಂಬರ್ 1ರವರೆಗೆ ಈ ಎರಡು ಊರುಗಳ ನಡುವೆ ಎರಡು ಆಡಳಿತಗಳ ಗಡಿಯೇ ಇತ್ತು. ನಮ್ಮ ಹಿರಿಯರು ಮನೆಯಿಂದ ಒಂದು ಹೆಜ್ಜೆಯನ್ನೂ ಕದಲದೆ ಮದರಾಸಿನವರಾಗಿದ್ದು ಮೈಸೂರಿನವರಾದರು. ಸಾಲ ಕೊಟ್ಟವರು, ಹೆಣ್ಣು ಕೊಟ್ಟವರು ಮಾತ್ರ ಗೆರೆಯ ಎರಡೂ ಕಡೆ ಮೊದಲಿನಂತೆಯೇ ಇದ್ದರು.

ಮಧುವನಹಳ್ಳಿಯನ್ನು ಹಾದು ಲೊಕ್ಕನಹಳ್ಳಿಯ ಕಡೆಗೆ ಹೋಗುವ ರಸ್ತೆಯಲ್ಲಿ ಮುಂದುವರಿದರೆ, ಇಂದು ಹನೂರು ತಾಲ್ಲೂಕಿಗೆ ಸೇರಿರುವ ಒಡೆಯರಪಾಳ್ಯದ ಬಳಿ ಬೆಟ್ಟಗಳ ನಡುವೆ ಟಿಬೆಟನ್ನರ ವಸತಿ ಸಿಗುತ್ತದೆ. ಜಗತ್ತಿನ ರಾಜಕಾರಣ ನಮ್ಮ ಮನೆ ಬಾಗಿಲಿಗೆ ಬಂದು ನೆಲೆಸಿರುವ ಸ್ಥಳವದು. ಅಲ್ಲಿಯವರೊಡನೆ ನಮ್ಮ ವರ್ತಕರು ಐವತ್ತು ವರ್ಷಗಳಿಂದ ವ್ಯವಹರಿಸುತ್ತಿದ್ದಾರೆ. ಹೀಗಿದ್ದೂ ಅವರ ಸಂಗತಿಯನ್ನು ವ್ಯವಸ್ಥಿತವಾಗಿ ತಿಳಿಯಲು ನಾವು ಪ್ರಯತ್ನಿಸಿದ್ದು ಕಡಿಮೆ. ಆ ದೋಷದಲ್ಲಿ ನನ್ನ ಪಾಲೂ ಇದೆಯೆಂಬುದು ಮುಂದೆ ತಿಳಿದುಬರುತ್ತದೆ.

ಮಾನವಶಾಸ್ತ್ರದ ದೃಷ್ಟಿ ಎಂದರೇನು?

ರಾಜ್ಯಶಾಸ್ತ್ರವು ರಾಷ್ಟ್ರಗಳ ಸಂಬಂಧವನ್ನು ಸೈನ್ಯ, ಒಪ್ಪಂದ, ಗಡಿ, ಸಂಪನ್ಮೂಲಗಳ ಲೆಕ್ಕದಲ್ಲಿ ಅಳೆಯುತ್ತದೆ. ಮಾನವಶಾಸ್ತ್ರಜ್ಞನಾದರೋ ಬೇರೆ ಪ್ರಶ್ನೆಗಳನ್ನು ಕೇಳುತ್ತಾನೆ. ಪರಸ್ಪರ ಅಪರಿಚಿತವಾದ ಎರಡು ಜನಸಮುದಾಯಗಳು ಎದುರುಬದುರಾದಾಗ ಯಾರು ಮೊದಲು ಮಾತನಾಡುತ್ತಾರೆ, ಯಾರು ಯಾರಿಗೆ ಏನನ್ನು ಕೊಡುತ್ತಾರೆ, ಕೊಟ್ಟದ್ದನ್ನು ಹೇಗೆ ಹಿಂದಿರುಗಿಸಬೇಕು, ಮಾತು ಮುರಿದಾಗ ನಡುವೆ ನಿಲ್ಲುವವರು ಯಾರು? ಇವುಗಳಿಗೆ ಉತ್ತರವನ್ನು ಆತ ಗ್ರಂಥಾಲಯದಲ್ಲಿ ಹುಡುಕುವುದಿಲ್ಲ. ಆ ಜನರ ನಡುವೆ ವರ್ಷಗಟ್ಟಲೆ ವಾಸಿಸಿ ಕಂಡುಕೊಳ್ಳುತ್ತಾನೆ. ನಮ್ಮ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಕುಳಿತು, ಅದಕ್ಕೆ ರಾಮಪುರವೆಂಬ ಹೆಸರಿಟ್ಟು ಮಾಡಿದ ಅಧ್ಯಯನ ಈ ವಿಧಾನಕ್ಕೆ ಉತ್ತಮ ನಿದರ್ಶನ. ಅಲ್ಲಿ ಪಟೇಲರ ಜಗಲಿಯ ನ್ಯಾಯ ಹೇಗೆ ನಡೆಯುತ್ತಿತ್ತೆಂದು ಅವರು ಬರೆದದ್ದನ್ನು ಓದಿದವರಿಗೆ ವಿಶ್ವಸಂಸ್ಥೆಯ ಕಲಾಪ ಅಷ್ಟೇನೂ ಅಪರಿಚಿತವೆನಿಸುವುದಿಲ್ಲ.

ವರ್ತಕರಾದ ನಮಗೆ ಅತ್ಯಂತ ಉಪಯುಕ್ತವಾದ ಉದಾಹರಣೆಯನ್ನು ಕೊಟ್ಟವನು ಮಾಲಿನೋವ್ಸ್ಕಿ. ನ್ಯೂಗಿನಿಯ ಪೂರ್ವಕ್ಕಿರುವ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಮೊದಲ ಮಹಾಯುದ್ಧದ ಕಾಲದಲ್ಲಿ ವಾಸವಾಗಿದ್ದ ಆತ 1922ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ಕುಲ’ ಎಂಬ ಪದ್ಧತಿಯನ್ನು ವಿವರಿಸಿದ್ದಾನೆ. (ನಮ್ಮ ಭಾಷೆಯ ಕುಲಕ್ಕೂ ಇದಕ್ಕೂ ಸಂಬಂಧವಿಲ್ಲ.) ದ್ವೀಪದಿಂದ ದ್ವೀಪಕ್ಕೆ ಕೆಂಪು ಚಿಪ್ಪಿನ ಹಾರಗಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿಯೂ ಬಿಳಿ ಚಿಪ್ಪಿನ ತೋಳಬಂದಿಗಳು ಅದಕ್ಕೆ ವಿರುದ್ಧ ದಿಕ್ಕಿನಲ್ಲಿಯೂ ಸುತ್ತುತ್ತಲೇ ಇರುತ್ತವೆ. ಯಾರೂ ಅವುಗಳನ್ನು ಶಾಶ್ವತವಾಗಿ ಇಟ್ಟುಕೊಳ್ಳುವಂತಿಲ್ಲ, ಅವುಗಳಿಗೆ ಚೌಕಾಶಿಯೂ ಇಲ್ಲ. ಮೇಲುನೋಟಕ್ಕೆ ನಿರರ್ಥಕವಾದ ಕೆಲಸ. ಆದರೆ ಅದೇ ದೋಣಿಗಳಲ್ಲಿ ನಿತ್ಯೋಪಯೋಗಿ ಪದಾರ್ಥಗಳೂ ಬರುತ್ತವೆ, ಅವುಗಳಿಗೆ ದಡದಲ್ಲಿ ಗಟ್ಟಿಯಾಗಿಯೇ ಚೌಕಾಶಿ ನಡೆಯುತ್ತದೆ. ಹಾರ ಕೊಟ್ಟು ತೋಳಬಂದಿ ಪಡೆಯುವ ಜೊತೆಗಾರನೊಡನೆ ಮಾತ್ರ ಆ ಚೌಕಾಶಿ ಮಾಡುವಂತಿಲ್ಲ. ಅವನು ಪರದ್ವೀಪದಲ್ಲಿ ಆತಿಥ್ಯ, ರಕ್ಷಣೆ ಕೊಡತಕ್ಕವನು. ಚಿಪ್ಪಿನ ಹಾರಗಳು ನಿರ್ಭಯವಾಗಿ ದಡ ಸೇರುವ ಹಕ್ಕನ್ನು ಒದಗಿಸುತ್ತವೆ. ವ್ಯಾಪಾರ ಆ ಹಕ್ಕಿನ ನೆರಳಿನಲ್ಲಿ ನಡೆಯುತ್ತದೆ. ರಾಷ್ಟ್ರಾಧ್ಯಕ್ಷರು ವಿಮಾನದಿಂದಿಳಿದಾಗ ನಡೆಯುವ ಗೌರವರಕ್ಷೆ, ಔತಣ, ಕಾಣಿಕೆಗಳನ್ನೂ, ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಅಧಿಕಾರಿಗಳಿಗೆ ಹೊದಿಸುವ ಶಾಲು, ತೊಡಿಸುವ ಮೈಸೂರು ಪೇಟ, ಕೊಡುವ ಹಣ್ಣಿನ ಬುಟ್ಟಿಗಳನ್ನೂ ಮಾನವಶಾಸ್ತ್ರಜ್ಞ ಇದೇ ಸಾಲಿನಲ್ಲಿಟ್ಟು ನೋಡುತ್ತಾನೆ. ಸಭೆಯ ಖರ್ಚಿನ ಪಟ್ಟಿಯಲ್ಲಿ ಶಾಲಿನ ಬಾಬತ್ತನ್ನು ಕಂಡು ಹುಬ್ಬು ಗಂಟಿಕ್ಕುತ್ತಿದ್ದ ನಾನು ಈ ಗ್ರಂಥವನ್ನು ಓದಿದ ಮೇಲೆ ಸ್ವಲ್ಪ ಮೃದುವಾಗಿದ್ದೇನೆ.

ಪಂಚಶೀಲವೆಂಬ ವ್ಯಾಪಾರ ಒಪ್ಪಂದ

ಈಗ ನಮ್ಮ ವಿಷಯಕ್ಕೆ ಬರೋಣ. ಪಂಚಶೀಲವೆಂದೊಡನೆ ನಮಗೆ ಶಾಂತಿಯ ಘೋಷಣೆ ನೆನಪಾಗುತ್ತದೆ. ವಾಸ್ತವವಾಗಿ ಆ ಐದು ತತ್ತ್ವಗಳು ಬಂದದ್ದು 1954ರ ಏಪ್ರಿಲ್ 29ರಂದು ಬೀಜಿಂಗ್‌ನಲ್ಲಿ ಭಾರತ ಮತ್ತು ಚೀನಾ ಸಹಿ ಮಾಡಿದ ಒಂದು ವ್ಯಾಪಾರ ಒಪ್ಪಂದದ ಪ್ರಸ್ತಾವನೆಯಲ್ಲಿ. ಟಿಬೆಟ್ ಪ್ರದೇಶ ಮತ್ತು ಭಾರತದ ನಡುವಣ ವ್ಯಾಪಾರ ಹಾಗೂ ಸಂಪರ್ಕ ಅದರ ವಿಷಯ. ಯಾತುಂಗ್, ಗ್ಯಾಂಟ್ಸೆ, ಗಾರ್ಟೋಕ್‌ಗಳಲ್ಲಿ ಭಾರತದ ವ್ಯಾಪಾರ ಕಚೇರಿಗಳು. ದೆಹಲಿ, ಕಲ್ಕತ್ತ, ಕಾಲಿಂಪಾಂಗ್‌ಗಳಲ್ಲಿ ಚೀನಾದ ಕಚೇರಿಗಳು. ಯಾತ್ರಿಕರಿಗೆ, ರೂಢಿಯ ವರ್ತಕರಿಗೆ ಓಡಾಟದ ಅನುಕೂಲ. ಒಪ್ಪಂದದ ಅವಧಿ ಎಂಟು ವರ್ಷ. ಉಣ್ಣೆಯ ವ್ಯಾಪಾರಕ್ಕೆಂದು ತಲೆಮಾರುಗಳಿಂದ ಕಣಿವೆ ದಾಟುತ್ತಿದ್ದವರ ಸಂಬಂಧವನ್ನು ‘ಚೀನಾದ ಟಿಬೆಟ್ ಪ್ರದೇಶ’ ಎಂಬ ಮಾತಿನ ಕೆಳಗೆ ತಂದದ್ದೇ ಅದರ ನಿಜವಾದ ಪರಿಣಾಮವೆಂದು ನನ್ನ ಅಭಿಪ್ರಾಯ. ಆ ವರ್ತಕರನ್ನಾಗಲಿ ಯಾತ್ರಿಕರನ್ನಾಗಲಿ ಯಾರೂ ಕೇಳಲಿಲ್ಲ. 1962ರ ಜೂನ್‌ನಲ್ಲಿ ಅವಧಿ ಮುಗಿಯಿತು, ನವೀಕರಣವಾಗಲಿಲ್ಲ. ಅಕ್ಟೋಬರಿನಲ್ಲಿ ಯುದ್ಧವೇ ಬಂದಿತು.

ಅಷ್ಟರಲ್ಲಿ ದಲಾಯಿ ಲಾಮಾ ಅವರು 1959ರ ಮಾರ್ಚ್ 17ರ ರಾತ್ರಿ ಲಾಸಾ ಬಿಟ್ಟು, ಮಾರ್ಚ್ 31ರಂದು ಭಾರತದ ಗಡಿ ದಾಟಿದ್ದರು. ಅವರ ಹಿಂದೆ ಸಹಸ್ರಾರು ಜನ ಬಂದರು. ನೆಲೆಗೊಳಿಸಲು ಭೂಮಿ ಬೇಕಾದಾಗ ಮುಂದೆ ಬಂದ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯ ಮುಖ್ಯವಾದುದು. ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡುಭೂಮಿಯಲ್ಲಿ ಮೊದಲ ವಸತಿ ಆರಂಭವಾಯಿತು. ಮುಂದೆ 1966ರಲ್ಲಿ ಮುಂಡಗೋಡು, 1969ರಲ್ಲಿ ಬೈಲಕುಪ್ಪೆಯದೇ ಎರಡನೆಯ ವಸತಿ, 1972ರಲ್ಲಿ ಹುಣಸೂರಿನ ಗುರುಪುರ, 1974ರಲ್ಲಿ ನಮ್ಮ ಒಡೆಯರಪಾಳ್ಯ: ಹೀಗೆ ಐದು. ಒಡೆಯರಪಾಳ್ಯದ್ದಕ್ಕೆ ಅವರ ಭಾಷೆಯಲ್ಲಿ ಧೊಂಡೆನ್‌ಲಿಂಗ್ ಎಂದು ಹೆಸರು. 22 ಸಣ್ಣ ಹಳ್ಳಿಗಳು, ಮಳೆಯಾಶ್ರಿತ ಭೂಮಿ, ಮುಖ್ಯ ಬೆಳೆ ಮುಸುಕಿನ ಜೋಳ, ಸಹಕಾರ ಸಂಘ, ಪೂರ್ವ ಟಿಬೆಟ್ಟಿನ ಪ್ರಾಚೀನ ಪೀಠದ ಹೆಸರು ಹೊತ್ತ ಜೋಗ್‌ಚೆನ್ ಮಠ.

ನೋಟಿಸು ಮತ್ತು ಬೆಣ್ಣೆ ಚಹಾ

2001ರ ಮಾತು. ನಾನು ವೃತ್ತಿ ಆರಂಭಿಸಿ ಹೆಚ್ಚು ವರ್ಷಗಳಾಗಿರಲಿಲ್ಲ. ಹಿಂದಿನ ವರ್ಷ ಜುಲೈ 30ರಂದು ರಾಜ್‌ಕುಮಾರ್ ಅವರನ್ನು ವೀರಪ್ಪನ್ ಗಾಜನೂರಿನಿಂದ ಕರೆದೊಯ್ದು 108 ದಿನ ಕಾಡಿನಲ್ಲಿಟ್ಟಿದ್ದ. ಆ ಭಯ ಇನ್ನೂ ಇಳಿದಿರಲಿಲ್ಲ. ಸಂಜೆಯಾದರೆ ಆ ದಾರಿಯಲ್ಲಿ ಲಾರಿ ಬಿಡಲು ಚಾಲಕರು ಒಪ್ಪುತ್ತಿರಲಿಲ್ಲ. ನನ್ನ ಕಕ್ಷಿದಾರರಾದ ಒಬ್ಬ ಮಂಡಿ ಮಾಲೀಕರು ಒಡೆಯರಪಾಳ್ಯದ ಹಲವು ಟಿಬೆಟನ್ ಕುಟುಂಬಗಳಿಂದ ಜೋಳ ಕೊಳ್ಳುತ್ತಿದ್ದರು. ಆ ವರ್ಷ ಅವರ ಆಳು ತೇವಾಂಶದ ನೆಪದಲ್ಲಿ ಪ್ರತಿ ಚೀಲಕ್ಕೂ ಕಡಿತ ಹಿಡಿದ. ಒಟ್ಟು ಸುಮಾರು 41 ಸಾವಿರ ರೂಪಾಯಿಯ ವ್ಯತ್ಯಾಸವಾಯಿತು. ಅತ್ತಲಿಂದ ಹಿರಿಯರೊಬ್ಬರು ಬಂದು ಕೇಳಿದರು, ಇವರು ಅಂಗಡಿಯ ಮುಂದೆಯೇ ನಿಂತು ಉತ್ತರ ಹೇಳಿ ಕಳುಹಿಸಿದರು. ವಿಷಯ ನನ್ನ ಬಳಿಗೆ ಬಂದಾಗ ನಾನು ಪುಸ್ತಕದ ಬುದ್ಧಿಯಲ್ಲಿ, ಲೆಕ್ಕ ಸರಿಯಾಗಿದೆ, ವಕೀಲರಿಂದ ಒಂದು ನೋಟಿಸು ಕೊಡಿಸಿಬಿಡಿ, ತಕರಾರು ನಿಂತುಹೋಗುತ್ತದೆ ಎಂದೆ.

ತಕರಾರು ನಿಂತಿತು, ಜೊತೆಗೆ ಜೋಳವೂ ನಿಂತಿತು. ನೋಟಿಸಿಗೆ ಉತ್ತರವೇ ಬರಲಿಲ್ಲ. ಮರುವರ್ಷ ಅವರ ಮಂಡಿಗೆ ಅಲ್ಲಿಂದ ಒಂದು ಚೀಲವೂ ಇಳಿಯಲಿಲ್ಲ. ಕಡಿತಕ್ಕೆ ಸಂಬಂಧವೇ ಇಲ್ಲದ ಕುಟುಂಬಗಳೂ ಬೇರೆ ಕಡೆ ತಿರುಗಿದ್ದವು.

ಆಗ ನನ್ನ ಕಚೇರಿಯ ಹಿರಿಯ ಗುಮಾಸ್ತರು, “ಸಾರ್, ಕಾಗದಕ್ಕೆ ಅವರು ಉತ್ತರ ಕೊಡೋದಿಲ್ಲ. ಸಾಹುಕಾರ್ರು ಒಂದ್ಸಲ ಹೋಗಿ ಅವರ ಮನೇಲಿ ಕೂತು ಬರಲಿ” ಎಂದರು. ನಾನೂ ಜೊತೆಗೆ ಹೋದೆ. ಉಪ್ಪು ಬೆರೆಸಿದ ಬೆಣ್ಣೆ ಚಹಾ ಕೊಟ್ಟರು. ಅದನ್ನು ಕುಡಿಯುವುದು ನಮಗೆ ಸುಲಭವಾಗಿರಲಿಲ್ಲ, ಲೋಟ ಅರ್ಧವಾದೊಡನೆ ಮತ್ತೆ ತುಂಬುತ್ತಿದ್ದರು. ಒಂದು ಗಂಟೆಯ ಕಾಲ ಮಳೆ, ಆನೆಯ ಹಾವಳಿ, ರಸ್ತೆ ಇವೇ ಮಾತು. ದುಡ್ಡಿನ ಸುದ್ದಿಯಿಲ್ಲ. ಕಡೆಗೆ ಆ ಹಿರಿಯರು ತಮ್ಮ ಕನ್ನಡದಲ್ಲಿಯೇ, “ಕಡಿತ ಹಿಡಿದದ್ದಕ್ಕಲ್ಲ ಬೇಜಾರು, ಹೇಳದೆ ಹಿಡಿದಿರಿ. ನಾನು ಬಂದಾಗ ಕೂರಿ ಅನ್ನಲಿಲ್ಲ” ಎಂದರು. ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು: ಅರ್ಧ ಕಡಿತ ವಾಪಸು, ಮುಂದೆ ತೇವ ಪರೀಕ್ಷೆ ಇಬ್ಬರ ಎದುರಿನಲ್ಲಿ. ಹೊರಡುವಾಗ ನಮ್ಮಿಬ್ಬರ ಕೊರಳಿಗೂ ಬಿಳಿಯ ವಸ್ತ್ರ ಹಾಕಿದರು. ಅದಕ್ಕೆ ಅವರಲ್ಲಿ ಖತಾ ಎನ್ನುತ್ತಾರೆ. ದಾರಿಯಲ್ಲಿ ಮಂಡಿ ಮಾಲೀಕರು, “ಸ್ವಾಮಿ, ಇದನ್ನ ಯಾವ ಖಾತೆಗೆ ಬರ್ಕೊಳ್ಳೋದು?” ಎಂದು ನಕ್ಕರು. ವಾಪಸು ಕೊಟ್ಟ ಹಣವನ್ನು ರಿಯಾಯಿತಿ ಎಂದು ಬರೆದೆವು. ವಸ್ತ್ರಕ್ಕೆ ನನ್ನ ಶಾಸ್ತ್ರದಲ್ಲಿ ಶೀರ್ಷಿಕೆ ಇರಲಿಲ್ಲ.

ಮಾಲಿನೋವ್ಸ್ಕಿಯ ಮಾತಿನಲ್ಲಿ ಹೇಳುವುದಾದರೆ ನಾವು ದಡದ ಚೌಕಾಶಿಯನ್ನಷ್ಟೇ ನಡೆಸಿದ್ದೆವು, ದಡ ಸೇರುವ ಹಕ್ಕನ್ನು ಪಡೆದಿರಲಿಲ್ಲ. ದಲಾಯಿ ಲಾಮಾ ಅವರು ದೇಶದೇಶಗಳ ಮುಖಂಡರಿಗೆ ಖತಾ ಹಾಕುವ ಚಿತ್ರ ಎಲ್ಲರೂ ನೋಡಿರತಕ್ಕದ್ದು. ಯಾವ ಮುಖಂಡ ಅದನ್ನು ಬಹಿರಂಗವಾಗಿ ಸ್ವೀಕರಿಸುತ್ತಾನೆ, ಯಾರು ಹಿಂಬಾಗಿಲಿನಿಂದ ಬರಮಾಡಿಕೊಳ್ಳುತ್ತಾರೆ ಎಂಬುದನ್ನು ಬೀಜಿಂಗ್ ಪ್ರತಿಬಾರಿಯೂ ಗಮನಿಸಿ ಪ್ರತಿಭಟಿಸುತ್ತದೆ. ಎರಡು ಮೊಳ ಬಟ್ಟೆಯ ವಿಚಾರವಲ್ಲವೆಂದು ಅವರಿಗೂ ಗೊತ್ತು.

ಸ್ವೆಟರ್ ವ್ಯಾಪಾರದ ಸಾಲ

ಚಳಿಗಾಲದಲ್ಲಿ ನಗರಗಳ ರಸ್ತೆಬದಿಯಲ್ಲಿ ಟಿಬೆಟನ್ನರು ಸ್ವೆಟರ್ ಮಾರುವುದನ್ನು ಬಲ್ಲೆವು. ಆ ಮಾಲು ಬಹುಪಾಲು ಲುಧಿಯಾನದ ತಯಾರಕರದು. ಸ್ವಲ್ಪ ಮುಂಗಡ ಕೊಟ್ಟು ಉಳಿದದ್ದನ್ನು ಉದ್ರಿಯಾಗಿ ಎತ್ತುತ್ತಾರೆ, ಹಂಗಾಮು ಮುಗಿದ ಮೇಲೆ ತೀರಿಸುತ್ತಾರೆ. ಬ್ಯಾಂಕಿನ ದೃಷ್ಟಿಯಲ್ಲಿ ಇದು ಹುಚ್ಚುತನ. ಸಾಲಗಾರನ ಹೆಸರಿನಲ್ಲಿ ಭೂಮಿಯಿಲ್ಲ, ಅವನ ಬಳಿ ಇರುವುದು ವಿದೇಶಿಯರ ನೋಂದಣಿ ಪತ್ರ, ಅವನ ಮಳಿಗೆ ಮೂರು ತಿಂಗಳ ಗುಡಾರ. ಆದರೂ ದಶಕಗಳಿಂದ ನಡೆದಿದೆ.

ಇದಕ್ಕೆ ವಿವರಣೆ ಆಫ್ರಿಕದಲ್ಲಿ ಸಿಗುತ್ತದೆ. ಏಬ್ನರ್ ಕೋಹೆನ್ ಎಂಬ ಮಾನವಶಾಸ್ತ್ರಜ್ಞ ನೈಜೀರಿಯದ ಇಬಾದಾನ್ ನಗರದ ಹೌಸಾ ವರ್ತಕರನ್ನು ಕುರಿತು 1969ರಲ್ಲಿ ಒಂದು ಗ್ರಂಥ ಪ್ರಕಟಿಸಿದ. ದಕ್ಷಿಣದ ಕಾಡಿನ ಕೋಲಾ ಬೀಜ ಉತ್ತರಕ್ಕೆ, ಉತ್ತರದ ದನಕರು ದಕ್ಷಿಣಕ್ಕೆ: ಈ ದೂರದ ವ್ಯಾಪಾರವೆಲ್ಲ ಸಾಲದ ಮೇಲೆ ನಡೆಯುತ್ತಿತ್ತು. ಪರಊರಿನ ವರ್ತಕರನ್ನು ತಮ್ಮ ಮನೆಯಲ್ಲಿಳಿಸಿಕೊಳ್ಳುವ ಯಜಮಾನರು ಆ ಸಾಲಗಳಿಗೆ ಹೊಣೆ ನಿಲ್ಲುತ್ತಿದ್ದರು. ನಮ್ಮ ಮಂಡಿಯವರನ್ನೂ ದಲ್ಲಾಳಿಗಳನ್ನೂ ಸೇರಿಸಿ ಎರಕ ಹೊಯ್ದಂತೆ. ಹೌಸಾ ಜನರು ತಮ್ಮದೇ ಕೇರಿ, ಭಾಷೆ, ಧಾರ್ಮಿಕ ಶ್ರದ್ಧೆಯನ್ನು ಬಿಗಿಯಾಗಿ ಉಳಿಸಿಕೊಂಡದ್ದು ಹಳೆಯದರ ಮೋಹದಿಂದಷ್ಟೇ ಅಲ್ಲ, ಆ ಪ್ರತ್ಯೇಕತೆಯೇ ಅವರ ಸಾಲದ ಜಾಮೀನಾಗಿತ್ತು ಎಂಬುದು ಕೋಹೆನ್ನನ ವಾದ. ಮಾತು ತಪ್ಪಿದವನು ಕೇರಿಯೊಳಗೆ ಬದುಕಲಾರ. ನನ್ನ ಕಕ್ಷಿದಾರರ ಮಂಡಿಗೆ ಸಂಬಂಧವಿಲ್ಲದ ಕುಟುಂಬಗಳೂ ಜೋಳ ನಿಲ್ಲಿಸಿದ್ದು ಇದೇ ನಾಣ್ಯದ ಮತ್ತೊಂದು ಮುಖ.

ಪ್ರತ್ಯೇಕತೆಗೆ ಸರ್ಕಾರದ ನೀತಿಯೂ ಕಾರಣ. ಅಮೆರಿಕದ ಮಾನವಶಾಸ್ತ್ರಜ್ಞ ಮೆಲ್ವಿನ್ ಗೋಲ್ಡ್‌ಸ್ಟೈನ್ ದಕ್ಷಿಣ ಭಾರತದ ಟಿಬೆಟನ್ ವಸತಿಗಳನ್ನು ಕುರಿತು 1970ರ ದಶಕದಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಇದನ್ನು ಎತ್ತಿ ತೋರಿಸಿದ. ಭಾರತವು ಅವರನ್ನು ಸ್ಥಳೀಯರಲ್ಲಿ ಕರಗಿಸಲು ಯತ್ನಿಸಲಿಲ್ಲ. ಒಂದೇ ಕಡೆ ನೆಲೆಗೊಳಿಸಿ ಒಳಾಡಳಿತವನ್ನು ಬಹುಮಟ್ಟಿಗೆ ಅವರಿಗೇ ಬಿಟ್ಟಿತು. ಅದರಿಂದ ಅವರ ಐಕಮತ್ಯ ಉಳಿಯಿತು, ಭೂಮಿ ಮತ್ತು ಸೌಲಭ್ಯಗಳ ವಿಷಯದಲ್ಲಿ ಸುತ್ತಲಿನವರೊಡನೆ ಪೈಪೋಟಿಯೂ ಹುಟ್ಟಿತು. ನಮ್ಮ ಹಳ್ಳಿಗಳಲ್ಲಿಯೂ, ನಮಗೆ ಒಂದೆರಡು ಎಕರೆಗೆ ಸಾಗುವಳಿ ಚೀಟಿ ಸಿಗದಿರುವಾಗ ಅವರಿಗೆ ಅಷ್ಟು ಭೂಮಿ ಹೇಗೆ ಎಂಬ ಮಾತು ಕೇಳಿಬರುವುದುಂಟು. ಆ ಮಾತನ್ನು ಅಸೂಯೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರು ಬಂದಾಗ ಅಲ್ಲಿದ್ದದ್ದು ಕಾಡು ಎಂಬುದನ್ನು ಮರೆಯುವುದೂ ನ್ಯಾಯವಲ್ಲ.

ವಸತಿಯ ಅಧಿಕಾರಿಯನ್ನು ಧರ್ಮಶಾಲಾದ ಟಿಬೆಟನ್ ಕೇಂದ್ರ ಆಡಳಿತ ನೇಮಿಸುತ್ತದೆ. ಆ ಆಡಳಿತವನ್ನು ಯಾವ ರಾಷ್ಟ್ರವೂ ಸರ್ಕಾರವೆಂದು ಅಧಿಕೃತವಾಗಿ ಮಾನ್ಯ ಮಾಡಿಲ್ಲ. ಆದರೆ ನಮ್ಮ ತಹಸೀಲ್ದಾರರು, ಪೊಲೀಸರು, ವರ್ತಕರು ಆ ಅಧಿಕಾರಿಯೊಡನೆ ವ್ಯವಹರಿಸುವ ರೀತಿ ನೋಡಿದರೆ ಆತ ರಾಯಭಾರಿಯಲ್ಲದೆ ಮತ್ತೇನೂ ಅಲ್ಲ. ಜುಲೈ 6ರ ದಲಾಯಿ ಲಾಮಾ ಜನ್ಮದಿನದ ಸಮಾರಂಭಕ್ಕೆ ಸುತ್ತಲಿನ ಗಣ್ಯರಿಗೆ ಆಹ್ವಾನ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಕರ್ನಾಟಕಕ್ಕೆ ಧನ್ಯವಾದ ಹೇಳುವ ದೊಡ್ಡ ಸಮಾರಂಭವನ್ನೇ ನಡೆಸಿದರು. 2011ರಲ್ಲಿ ದಲಾಯಿ ಲಾಮಾ ರಾಜಕೀಯ ಅಧಿಕಾರವನ್ನು ಚುನಾಯಿತ ನಾಯಕನಿಗೆ ಬಿಟ್ಟುಕೊಟ್ಟರು. 2021ರಲ್ಲಿ ಆ ಸ್ಥಾನಕ್ಕೆ ಆಯ್ಕೆಯಾದ ಪೆನ್ಪಾ ತ್ಸೆರಿಂಗ್ ಜನಿಸಿದ್ದು ಬೈಲಕುಪ್ಪೆಯಲ್ಲಿ.

ಕಾನೂನಿನಲ್ಲಿ ಅವರ ಸ್ಥಾನ ಇನ್ನೂ ಕುತೂಹಲಕರ. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಮಾಡಿಲ್ಲವಾದ್ದರಿಂದ ನಮ್ಮ ಕಾನೂನಿನ ಪುಸ್ತಕದಲ್ಲಿ ಅವರು ವಿದೇಶಿಯರು. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಜನ್ಮತಃ ಪೌರರೆಂದು ದೆಹಲಿ ಉಚ್ಚ ನ್ಯಾಯಾಲಯ 2010ರಲ್ಲಿಯೂ, ಅನಂತರ ಕರ್ನಾಟಕ ಉಚ್ಚ ನ್ಯಾಯಾಲಯ 2013ರಲ್ಲಿಯೂ ಎತ್ತಿಹಿಡಿದವು. ಆದರೂ ಅನೇಕರು ಪೌರತ್ವ ಕೇಳಲು ಹೋಗಲಿಲ್ಲ. ಕೇಳಿದರೆ ಹಿಂದಿರುಗುವ ಆಸೆ ಬಿಟ್ಟಂತೆ ಎಂಬ ಭಾವನೆ. ಆದಾಯ ತೆರಿಗೆಗಾದರೋ ಪೌರತ್ವ ಬೇಕಿಲ್ಲ, ದೇಶದಲ್ಲಿ ಇದ್ದ ದಿನಗಳ ಲೆಕ್ಕ ಸಾಕು. ಒಂದು ಕಚೇರಿಯಲ್ಲಿ ವಿದೇಶಿ, ಮತ್ತೊಂದರಲ್ಲಿ ನಿವಾಸಿ. ನಮ್ಮ ವರ್ತಕರು ಈ ಭೇದ ತಿಳಿಯದೆ, “ಅವರಿಗೆ ತೆರಿಗೆ ಇಲ್ಲವಂತೆ” ಎಂದು ನನ್ನ ಬಳಿ ಹೇಳುವುದುಂಟು. ಅದು ತಪ್ಪು.

ರೇಷ್ಮೆಯ ಬಾಬತ್ತು

ಚೀನಾ ನಮ್ಮ ತಾಲ್ಲೂಕಿಗೆ ಬಂದಿರುವ ಇನ್ನೊಂದು ರೂಪ ಕಚ್ಚಾ ರೇಷ್ಮೆ. 2003ರ ಜೂನ್‌ನಲ್ಲಿ ಪ್ರಧಾನಿ ವಾಜಪೇಯಿ ಅವರ ಬೀಜಿಂಗ್ ಭೇಟಿಯಲ್ಲಿ ಭಾರತ ಟಿಬೆಟ್ ಸ್ವಾಯತ್ತ ಪ್ರದೇಶವನ್ನು ಚೀನಾದ ಭಾಗವೆಂದು ಸ್ಪಷ್ಟ ಮಾತಿನಲ್ಲಿ ಒಪ್ಪಿತು; ನಾಥು ಲಾ ಕಣಿವೆಯ ವ್ಯಾಪಾರಕ್ಕೂ ಒಪ್ಪಂದವಾಯಿತು. ಅದೇ ವರ್ಷ ಚೀನಾದ ಹಿಪ್ಪುನೇರಳೆ ಕಚ್ಚಾ ರೇಷ್ಮೆಯ ಮೇಲೆ ಭಾರತ ಸುರಿ-ವಿರೋಧಿ ಸುಂಕ ವಿಧಿಸಿತು. ಮುಂದೆ 2011ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ 5ಕ್ಕೆ ಇಳಿದಾಗ ಗೂಡು ಬೆಳೆಗಾರರು ಕಣ್ಣೀರಿಟ್ಟದ್ದೂ ನೇಕಾರರು ನಿಟ್ಟುಸಿರು ಬಿಟ್ಟದ್ದೂ ನಮ್ಮ ಊರಿನಲ್ಲಿಯೇ. 2013ರಲ್ಲಿ ಅದು ಶೇ. 15ಕ್ಕೆ ಏರಿತು. ನಾಥು ಲಾ 2006ರ ಜುಲೈ 6ರಂದು ತೆರೆಯಿತು, 2020ರಿಂದ ವ್ಯಾಪಾರ ನಿಂತಿತು, ಮತ್ತೆ ಆರಂಭಿಸಲು ಎರಡೂ ದೇಶಗಳು 2025ರ ಆಗಸ್ಟ್‌ನಲ್ಲಿ ಒಪ್ಪಿದವು. ದೊಡ್ಡವರ ಕೊಡುಕೊಳ್ಳುವಿಕೆಯಲ್ಲಿ ರೇಷ್ಮೆಯ ಎಳೆಯೂ ಟಿಬೆಟ್ಟಿನ ಹೆಸರೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆಯೇ ಎಂದು ಕೇಳಿದರೆ ಕಡತದಲ್ಲಿ ಪುರಾವೆ ಸಿಗಲಾರದು. ವಿದೇಶಾಂಗ ಕಚೇರಿಯ ಕಡತಗಳೇ ಹಾಗೆ. ನಾರ್ವೆಯ ವಿದೇಶಾಂಗ ಸಚಿವಾಲಯದೊಳಗೆ ಕೆಲಸ ಮಾಡಿ 2012ರಲ್ಲಿ ಗ್ರಂಥ ಬರೆದ ಐವರ್ ನ್ಯೂಮನ್ ಎಂಬ ವಿದ್ವಾಂಸ, ಅಲ್ಲಿ ಒಂದು ಭಾಷಣದ ಕರಡು ಎಲ್ಲ ವಿಭಾಗಗಳನ್ನೂ ಸುತ್ತಿ ಬರುವ ಹೊತ್ತಿಗೆ ಅದರಲ್ಲಿ ಹೊಸ ಮಾತೇ ಉಳಿದಿರುವುದಿಲ್ಲವೆಂದು ತೋರಿಸಿದ್ದಾನೆ. ಲೆಕ್ಕಪರಿಶೋಧನಾ ವರದಿಯ ಭಾಷೆ ಬಲ್ಲ ನಮಗೆ ಆಶ್ಚರ್ಯವೇನಿಲ್ಲ.

ಈಗ ಗಮನಿಸಬೇಕಾದದ್ದು

2009ರಲ್ಲಿ ಟಿಬೆಟನ್ನರು ತಾವೇ ನಡೆಸಿದ ಗಣತಿಯಲ್ಲಿ ಭಾರತದಲ್ಲಿ 94 ಸಾವಿರಕ್ಕೂ ಹೆಚ್ಚು ಜನರಿದ್ದರು. ಅನಂತರ ಯುವಕರು ಯುರೋಪ್, ಅಮೆರಿಕ, ಕೆನಡಗಳಿಗೆ ಹೋಗುತ್ತಿರುವುದರಿಂದ ಸಂಖ್ಯೆ ಇಳಿಯುತ್ತಿದೆ. ಒಡೆಯರಪಾಳ್ಯದಲ್ಲಿಯೂ ವೃದ್ಧರಷ್ಟೇ ಇರುವ ಮನೆಗಳನ್ನು ನಾನು ಕಂಡಿದ್ದೇನೆ. ಇತ್ತ 2025ರ ಜುಲೈ 2ರಂದು, ತಮ್ಮ 90ನೆಯ ಜನ್ಮದಿನಕ್ಕೆ ನಾಲ್ಕು ದಿನ ಮುಂಚೆ, ದಲಾಯಿ ಲಾಮಾ ಅವರು ತಮ್ಮ ಪೀಠ ಮುಂದುವರಿಯುವುದೆಂದೂ ಮುಂದಿನ ಅವತಾರವನ್ನು ಗುರುತಿಸುವ ಅಧಿಕಾರ ತಮ್ಮ ಗಾದೆನ್ ಫೋದ್ರಾಂಗ್ ಟ್ರಸ್ಟಿಗೆ ಮಾತ್ರ ಸೇರಿದ್ದೆಂದೂ ಪ್ರಕಟಿಸಿದರು. ತನ್ನ ಒಪ್ಪಿಗೆಯಿಲ್ಲದೆ ಅದು ಸಾಧ್ಯವಿಲ್ಲವೆಂದು ಚೀನಾ ಹೇಳಿತು. ಮಾತು ತಪ್ಪಿದವನನ್ನು ಕೇಳುವ ಕೇರಿ, ಆ ಕೇರಿಯನ್ನು ಹಿಡಿದಿಟ್ಟಿರುವ ಪೀಠ ಎರಡೂ ಸಡಿಲವಾದರೆ, ಬರಿಯ ಮಾತಿನ ಮೇಲೆ ನಡೆದಿರುವ ನಮ್ಮ ಉದ್ರಿ ವ್ಯವಹಾರದ ಜಾಮೀನೂ ಸಡಿಲವಾಗುತ್ತದೆ.

ಭೂಮಿಯ ವಿಚಾರವೂ ಇದಕ್ಕೆ ಸೇರಿದೆ. ಕೇಂದ್ರ ಸರ್ಕಾರದ 2014ರ ಟಿಬೆಟನ್ ಪುನರ್ವಸತಿ ನೀತಿಯು ವಸತಿಯ ಭೂಮಿಗೆ ರಾಜ್ಯ ಸರ್ಕಾರಗಳು 20 ವರ್ಷಗಳ ಗುತ್ತಿಗೆ ಪತ್ರ ಮಾಡಿಕೊಡಬೇಕೆಂದು ಹೇಳುತ್ತದೆ. ಭೂಮಿ ಸರ್ಕಾರದ್ದು, ಗುತ್ತಿಗೆ ಸಮುದಾಯದ್ದು, ಕುಟುಂಬಕ್ಕಿರುವುದು ಅನುಭೋಗ ಮಾತ್ರ. ಅಲ್ಲಿನ ಜೋಳದ ಹೊಲಗಳ ಮೇಲೆ ಬೆಳೆಗೆ ಮುನ್ನ ಮುಂಗಡ ಕೊಡುವ ಸದಸ್ಯರು ಕುಟುಂಬದ ರಸೀತಿಯೊಂದನ್ನೇ ನೆಚ್ಚದೆ ವಸತಿ ಕಚೇರಿಯ ಅಥವಾ ಸಹಕಾರ ಸಂಘದ ತಿಳಿವಳಿಕೆಯಲ್ಲಿ ಕರಾರು ಬರೆಯಿಸಿ, ಹಣವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು. ಕರಾರಿಗೆ ಮುನ್ನ ಒಮ್ಮೆ ಹೋಗಿ ಕುಳಿತು ಬರುವುದೂ ಅವಶ್ಯಕ. ಚಹಾ ಲೋಟವನ್ನು ಖಾಲಿ ಮಾಡಿದರೆ ಮತ್ತೆ ತುಂಬುತ್ತಾರೆ, ಸಾಕಾದವರು ತುಂಬಿದ ಲೋಟವನ್ನು ಹಾಗೆಯೇ ಬಿಟ್ಟು ಕೊನೆಯಲ್ಲಿ ಕುಡಿದರಾಯಿತು.